ಸೇತುವೆಯ ಮೇಲಿನ ಅಂಗಿಗಳ ಬಣ್ಣ

ದಂತವೈದ್ಯರು ತಾವು ತಂದ ಚಿತ್ರದ ಸುರುಳಿಯನ್ನು ನನ್ನ ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೂ ನಾಲ್ಕು ಪುಸ್ತಕ ಹೇರಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಹಲ್ಲು ಕಿತ್ತ ಮೇಲೆ ರೋಗಿಯನ್ನು ನೋಡುವ ಹಾಗೆ ನನ್ನ ಮುಖವನ್ನು ನೋಡಿದರು.

“ಹೇಗಿದೆ ಮೇಷ್ಟ್ರೇ?”

ಚಿತ್ರ ಚೆನ್ನಾಗಿಯೇ ಇತ್ತು. ಅದೇ ಚಿತ್ರ ನನ್ನ ಗೋಡೆಯ ಮೇಲೂ ಇತ್ತು. ಆದರೆ ಎರಡನ್ನೂ ಒಟ್ಟಿಗೆ ನೋಡಿದ ಕ್ಷಣದಿಂದ ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ಹೆಸರಾಂತ ಯುದ್ಧಚಿತ್ರಗಳ ಹಳೆಯ ಬಣ್ಣದ ಅಚ್ಚುಗಳನ್ನು ಕೂಡಿಡುವುದು ನಮ್ಮಿಬ್ಬರ ಗೀಳು. ಮೂಲಚಿತ್ರಗಳು ಅರಮನೆಗಳಲ್ಲಿ, ದೂರದ ಊರುಗಳ ಸಂಗ್ರಹಾಲಯಗಳಲ್ಲಿ ಇದ್ದವು. ಅವುಗಳನ್ನು ನೋಡಲಾಗದ ಜನರಿಗಾಗಿ ಹಿಂದಿನವರು ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನ ಮೇಲೆ ಚಿತ್ರ ಬರೆದು, ಅದೇ ಹಾಳೆಯನ್ನು ಹತ್ತು ಸಲ, ಹನ್ನೆರಡು ಸಲ ಅಚ್ಚಿನ ಕೆಳಗೆ ತೂರಿಸಿ ಪ್ರತಿಗಳನ್ನು ತೆಗೆದರು. ಅಂಥವನ್ನು ನಾವು ರದ್ದಿ ಅಂಗಡಿಗಳಲ್ಲಿ, ಬಾಗಿಲು ಹಾಕಿದ ಕ್ಲಬ್ಬುಗಳಲ್ಲಿ, ತೀರಿಕೊಂಡವರ ಟ್ರಂಕುಗಳ ತಳದಲ್ಲಿ ಹುಡುಕುತ್ತೇವೆ. ವೈದ್ಯರಿಗೆ ಕುದುರೆಗಳೆಂದರೆ ಪ್ರಾಣ. ಕುದುರೆಯ ಬಾಯಿ ತೆರೆದಿದ್ದರಂತೂ ಅದರ ಹಲ್ಲು ಎಣಿಸದೆ ಬಿಡುವವರಲ್ಲ. ನಾನು ಕೂಡಿಡುವುದು ಪಾಠಕ್ಕಾಗಿ. ಮನುಷ್ಯ ಮನುಷ್ಯನನ್ನು ಕೊಲ್ಲುವ ದೃಶ್ಯವನ್ನು ನೋಡಿ ನಾಚಿಕೊಳ್ಳಬೇಕು. ಸೋಫಾದ ಬಣ್ಣಕ್ಕೆ ಒಪ್ಪುತ್ತದೆಂದು ರಕ್ತಪಾತವನ್ನು ಗೋಡೆಗೆ ತೂಗುಹಾಕುವವರನ್ನು ನಾನು ಎಂದೂ ಗೌರವಿಸಿಲ್ಲ.

ಈ ಚಿತ್ರದಲ್ಲಿ ಒಂದು ಇಕ್ಕಟ್ಟಾದ ಕಲ್ಲುಸೇತುವೆ. ಬಲಗಡೆ, ಸೇತುವೆಯ ಮೇಲೆ ಒಂದು ಗುಂಪು ಸೈನಿಕರು. ಎಡಗಡೆಯ ದಡದಿಂದ ನುಗ್ಗಿ ಬರುತ್ತಿರುವ ಇನ್ನೊಂದು ಗುಂಪು. ನಡುವೆ ಕೈ ಎತ್ತಿ ನಿಂತ ಒಬ್ಬ ಅಧಿಕಾರಿ. ನನ್ನ ಪ್ರತಿ ನಾನು ಕೆಲಸ ಮಾಡಿದ ಶಾಲೆಯದು. ನಾನು ಅಲ್ಲಿ ಸೇರುವುದಕ್ಕೂ ಮೊದಲೇ ಅದು ಚರಿತ್ರೆಯ ಕೋಣೆಯಲ್ಲಿ, ಕಿಟಕಿಯ ಎದುರಿನ ಗೋಡೆಯ ಮೇಲಿತ್ತು. ಶಾಲೆ ಮುಚ್ಚಿದಾಗ ಆಡಳಿತ ಮಂಡಳಿಯವರು ಅದನ್ನು ನನಗೆ ಕೊಟ್ಟರು. ಅದರಲ್ಲಿ ಎರಡೂ ಗುಂಪಿನವರ ಅಂಗಿ ಒಂದೇ ಬೂದುನೀಲಿ. ಕೆಳಗಿನ ಬಿಳಿ ಅಂಚನ್ನು ಯಾವ ಪುಣ್ಯಾತ್ಮನೋ ಚೌಕಟ್ಟಿನ ಅಳತೆಗೆ ಕತ್ತರಿಸಿದ್ದರಿಂದ ಚಿತ್ರದ ಹೆಸರೂ ವಿವರವೂ ಇರಲಿಲ್ಲ. ಅಂಗಿಗಳನ್ನು ನೋಡಿಯೇ ನಾನು ಅರ್ಥ ಮಾಡಿಕೊಂಡಿದ್ದೆ: ಇದು ಒಂದೇ ಸೈನ್ಯ ಎರಡಾಗಿ ಒಡೆದು ತನ್ನವರ ಮೇಲೆಯೇ ಬಿದ್ದ ದಿನ. ಇಪ್ಪತ್ತಾರು ವರ್ಷ, ಪ್ರತಿ ತರಗತಿಗೂ, ಆ ಚಿತ್ರದ ಮುಂದೆ ನಿಂತು ನಾನು ಒಂದೇ ಪಾಠ ಹೇಳಿದೆ. ಹೊರಗಿನ ಶತ್ರುವನ್ನು ಕ್ಷಮಿಸಬಹುದು, ಜೊತೆಯಲ್ಲಿ ಉಂಡವನ ಮೇಲೆ ಕತ್ತಿ ಎತ್ತಿದವನನ್ನು ಕ್ಷಮಿಸಲಾಗದು ಎಂದೆ. ಮಕ್ಕಳು ಕಣ್ಣೊರೆಸಿಕೊಂಡದ್ದೂ ಉಂಟು.

ವೈದ್ಯರ ಪ್ರತಿಯಲ್ಲಿ ಸೇತುವೆಯ ಮೇಲಿನವರ ಅಂಗಿ ಕೆಂಡದಂತೆ ಕೆಂಪಗಿತ್ತು. ದಡದವರದು ನೀಲಿ.

“ಇದರಲ್ಲಿ ಅಣ್ಣತಮ್ಮಂದಿರ ಜಗಳ ಎಲ್ಲಿದೆ ಮೇಷ್ಟ್ರೇ?” ಎಂದು ವೈದ್ಯರು ನಕ್ಕರು. “ಎರಡು ದೇಶದವರು ಬಡಿದಾಡ್ತಿದ್ದಾರೆ, ಅಷ್ಟೇ. ಅದೇ ಮಾಮೂಲಿ ಯುದ್ಧ. ನೀವು ಹುಡುಗರನ್ನ ಸುಮ್ಮನೆ ಅಳಿಸಿದ್ರಿ.”

“ನಿಮ್ಮದರ ಮೇಲೆ ಯಾರೋ ಬಣ್ಣ ಬಳಿದಿರಬಹುದು.”

“ಭೂತಗನ್ನಡಿ ತಗೊಂಡು ನೋಡಿ. ಅಚ್ಚಿನ ಚುಕ್ಕಿ ಎಲ್ಲಾ ಕಡೆ ಸರಿಯಾಗಿದೆ.”

ನೋಡಿದೆ. ಸರಿಯಾಗಿಯೇ ಇತ್ತು.

“ಹಾಗಾದರೆ ನನ್ನದಕ್ಕೇನಾಗಿದೆ?”

“ಬಿಸಿಲು ಕುಡಿದಿರಬಹುದು. ಕೆಂಪು ಬೇಗ ಹಾರಿಹೋಗುತ್ತೆ, ನೆರಳಿಗೆ ಅಂತ ಅಡಿಯಲ್ಲಿ ಹಾಕಿದ ನೀಲಿ ಉಳಿಯುತ್ತೆ. ಇಲ್ಲಾ, ಕೆಂಪಿನ ಕಲ್ಲು ಒಡೆದುಹೋಗಿ ಅದಿಲ್ಲದೆಯೇ ಅಚ್ಚು ಹಾಕಿರಬಹುದು. ಅಂಥವೂ ಸಿಗ್ತವೆ. ಅಂಥದ್ದಾದ್ರೆ ನಿಮ್ಮದು ಅಪರೂಪದ್ದು, ನನಗೆ ಕೊಟ್ಟುಬಿಡಿ!” ಎಂದು ಹೇಳಿ, ನನ್ನ ಮುಖ ನೋಡಿ ನಗುವನ್ನು ನಿಲ್ಲಿಸಿದರು. “ಏನಾಯ್ತು? ಬಣ್ಣ ತಾನೇ?”

ಬಣ್ಣ ಮಾತ್ರವಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಮೂವತ್ತೊಂದು ವರ್ಷದ ಹಿಂದೆ, ಇದೇ ಚಿತ್ರದ ಮುಂದೆ, ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಸೇತುವೆ ಮೇಲಿನವರದ್ದು ಕೆಂಪಂಗಿ. ನಾನು ನೋಡಿದ್ದೀನಿ” ಎಂದಿದ್ದಳು. ಎಲ್ಲಿದೆ ತೋರಿಸು ಎಂದೆ. “ಚಿತ್ರದ ಸುತ್ತ ಕೂರಿಸಿರೋ ರಟ್ಟಿನ ಕೆಳಗಿದೆ ಸಾರ್, ಅಂಚಲ್ಲಿ” ಎಂದಳು. ಅವಳ ತಂದೆ ಚಿತ್ರಗಳಿಗೆ ಕಟ್ಟು ಹಾಕುವವರು. ಒಡೆದ ಗಾಜನ್ನು ಬದಲಿಸಲು ಶಾಲೆಯ ಚಿತ್ರ ಹಿಂದಿನ ವಾರವಷ್ಟೇ ಅವರ ಅಂಗಡಿಗೆ ಹೋಗಿ ಬಂದಿತ್ತು. ನಾನು ಅದನ್ನೆಲ್ಲ ಯೋಚಿಸಲಿಲ್ಲ. ಕಣ್ಣಿಗೆ ಕಾಣದ್ದನ್ನು ಕಂಡೆ ಎನ್ನುವುದೇ ಸುಳ್ಳು ಎಂದು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಮಾತನ್ನು ಹಿಂದೆ ತೆಗೆದುಕೊ ಎಂದೆ. ಮರುದಿನವೂ, ಅದರ ಮರುದಿನವೂ ಅವಳು ತೆಗೆದುಕೊಳ್ಳಲಿಲ್ಲ. ಮಕ್ಕಳು ಅವಳಿಗೆ ‘ಕೆಂಪಂಗಿ’ ಎಂದೇ ಹೆಸರಿಟ್ಟರು. ವರ್ಷದ ಕೊನೆಗೆ ಅವಳ ನಡತೆ ಪತ್ರದಲ್ಲಿ ನಾನು ನನ್ನ ದುಂಡಗಿನ ಅಕ್ಷರದಲ್ಲಿ ಬರೆದೆ: ‘ಬುದ್ಧಿವಂತೆ. ಸತ್ಯ ನುಡಿಯುವ ಅಭ್ಯಾಸವಿಲ್ಲ.’ ಚಿತ್ರಕಲೆಯ ಶಾಲೆಯವರು ಆ ಪತ್ರವನ್ನು ನೋಡಿ ಅವಳನ್ನು ಸೇರಿಸಿಕೊಳ್ಳಲಿಲ್ಲವೆಂದು ಆಮೇಲೆ ಕೇಳಿದೆ. ಕೇಳಿ, ಪತ್ರ ತನ್ನ ಕೆಲಸ ಮಾಡಿತು ಎಂದುಕೊಂಡೆ.

ವೈದ್ಯರು ಬಂದುಹೋದ ಮರುದಿನ ಬೆಳಿಗ್ಗೆ ಪುಸ್ತಕಾಲಯಕ್ಕೆ ಹೋದೆ. ಯುದ್ಧಚಿತ್ರಗಳ ಒಂದು ದಪ್ಪ ಗ್ರಂಥದಲ್ಲಿ ಆ ಸೇತುವೆ ಸಿಕ್ಕಿತು. ಆದರೆ ಪುಟ ಕಪ್ಪುಬಿಳುಪಿನದು. ಎಲ್ಲರ ಅಂಗಿಯೂ ಬೂದಿ. ಕೆಳಗೆ ‘ಮೂಲಚಿತ್ರ ಬೆಂಕಿಗೆ ಆಹುತಿಯಾಗಿದೆ’ ಎಂದಷ್ಟೇ ಇತ್ತು. ಯಾರು ಯಾರೊಡನೆ ಕಾದಾಡಿದರೆಂದು ಹೇಳುವ ಸೌಜನ್ಯವೂ ಆ ಗ್ರಂಥಕರ್ತನಿಗೆ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಚಿತ್ರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಕಟ್ಟಿನ ಅಂಗಡಿಗೆ ಹೊರಟೆ. ತಂದೆ ತೀರಿಕೊಂಡ ಮೇಲೆ ಆ ಅಂಗಡಿಯನ್ನು ನಡೆಸುತ್ತಿರುವವಳು ಆ ಹುಡುಗಿಯೇ ಎಂದು ನನಗೆ ತಿಳಿದಿತ್ತು. ಇಷ್ಟು ವರ್ಷ ನನ್ನ ಚಿತ್ರಗಳಿಗೆಲ್ಲ ನಾನು ಎರಡು ಬೀದಿ ಆಚೆಯ ಬೇರೊಂದು ಅಂಗಡಿಯಲ್ಲಿ ಕಟ್ಟು ಹಾಕಿಸುತ್ತಿದ್ದೆ. ಏಕೆಂದು ನನ್ನನ್ನೇ ನಾನು ಕೇಳಿಕೊಂಡಿರಲಿಲ್ಲ.

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಗೋಡೆಯ ತುಂಬ ಕಟ್ಟಿನ ಪಟ್ಟಿಗಳ ಮೂಲೆ ತುಂಡುಗಳು, ನೆಲದ ತುಂಬ ಮರದ ಪುಡಿ. ಅವಳು ಗಾಜಿನ ಮೇಲೆ ಅಳತೆಪಟ್ಟಿ ಇಟ್ಟು ವಜ್ರದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದಳು. ತಲೆಗೂದಲು ಅರ್ಧ ನರೆತಿತ್ತು. ಗೆರೆ ಮುಗಿಸಿ, ಗಾಜನ್ನು ಲಟಕ್ಕನೆ ಮುರಿದು, ಆಮೇಲೆಯೇ ತಲೆ ಎತ್ತಿದಳು. ಅಷ್ಟರಲ್ಲಿ ನಾನು ಚಿತ್ರಕ್ಕೆ ಸುತ್ತಿದ ಬಟ್ಟೆಯನ್ನು ಬಿಚ್ಚಿದ್ದೆ.

“ಬನ್ನಿ ಸಾರ್. ಓ, ಇದು ನಮ್ಮ ಸ್ಕೂಲಿನ ಚಿತ್ರ ಅಲ್ವಾ? ಮನೆಗೇ ತಂದುಬಿಟ್ರಾ?”

“ಶಾಲೆ ಮುಚ್ಚಿದಾಗ ಕೊಟ್ಟರಮ್ಮ. ಕದ್ದದ್ದಲ್ಲ.”

“ಅಯ್ಯೋ, ಕದ್ರಿ ಅಂತ ನಾನೆಲ್ಲಿ ಅಂದೆ? ಅಂದ್ರೂ ನನ್ನ ಮಾತು ಯಾರು ನಂಬ್ತಾರೆ?”

ನಗುತ್ತಲೇ ಹೇಳಿದಳು. ಅದು ತಮಾಷೆಯೋ ಚುಚ್ಚುಮಾತೋ ನನಗೆ ತಿಳಿಯಲಿಲ್ಲ.

“ಇದರ ರಟ್ಟು ತೆಗೀಬೇಕು,” ಎಂದೆ.

“ಯಾಕೆ ಸಾರ್? ಗಾಜು ಗಟ್ಟಿಯಾಗೇ ಇದೆ. ಗೆದ್ದಲೂ ಹತ್ತಿಲ್ಲ.”

“ಒಳಗೆ ನೋಡಬೇಕು.”

ಅವಳು ನನ್ನನ್ನು ಒಂದು ಕ್ಷಣ ದಿಟ್ಟಿಸಿದಳು. “ಈಗ ನೋಡ್ತೀರಾ? ಆಗಲಿ. ಇಕ್ಕಳ ಇಲ್ಲೇ ಎಲ್ಲೋ ಇತ್ತು.”

ಚಿತ್ರವನ್ನು ಕವುಚಿ ಮಲಗಿಸಿ, ಹಿಂಬದಿಯ ಕಂದು ಕಾಗದವನ್ನು ಸುತ್ತ ಕೊಯ್ದು, ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು ತುಟಿಗಳ ನಡುವೆ ಇಟ್ಟುಕೊಂಡಳು. ಆಮೇಲೆ ಚಿತ್ರವನ್ನು ಹೊರತೆಗೆದು ಬೆಳಕಿಗೆ ತಿರುಗಿಸಿ, ಅದರ ಸುತ್ತ ಕಿಟಕಿಯಂತೆ ಕುಳಿತಿದ್ದ ದಪ್ಪ ರಟ್ಟನ್ನು ಮೆಲ್ಲಗೆ ಎತ್ತಿದಳು.

ಬಲಗಡೆಯ ಅಂಚಿನಲ್ಲಿ, ಒಂದು ಬೆರಳಗಲ, ಕೆಂಪು. ಸೇತುವೆಯ ಕೊನೆಯ ಸೈನಿಕನ ತೋಳು ಅರ್ಧ ಬೂದುನೀಲಿ, ಅರ್ಧ ಕೆಂಪು. ರಟ್ಟು ಮುಚ್ಚಿದ್ದಲ್ಲಿ ಬಣ್ಣ ನಿನ್ನೆ ಬಳಿದಂತಿತ್ತು.

“ಕೆಂಪು!” ಎಂದು ನಾನು ಕೂಗಿಬಿಟ್ಟೆ. “ಕೆಂಪೇ ಇದೆಯಮ್ಮಾ! ನೀನು ಹೇಳಿದ್ದೇ ನಿಜ!”

ಅವಳು ಹಿಗ್ಗಲಿಲ್ಲ. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದು ಡಬ್ಬಿಗೆ ಹಾಕಿದಳು. “ತಡೀರಿ ಸಾರ್. ಕುಣಿಯೋದು ಆಮೇಲೆ.” ಭೂತಗನ್ನಡಿಯನ್ನು ಅಂಚಿನ ಮೇಲೆ ಹಿಡಿದು ಬಹಳ ಹೊತ್ತು ಬಗ್ಗಿದ್ದಳು. “ಇಲ್ಲಿ ನೋಡಿ. ಬ್ರಷ್ಷಿನ ಗೆರೆ ಇದೆ. ಇದು ಅಪ್ಪನ ಕೈ.”

“ಏನು ಹಾಗಂದರೆ?”

“ಹಳೇ ಚಿತ್ರ ಬಂದ್ರೆ ಹುಳು ತಿಂದ ಅಂಚನ್ನ ಅಪ್ಪ ಬಣ್ಣ ಹಾಕಿ ತುಂಬ್ತಿದ್ರು. ರಟ್ಟಿನ ಕೆಳಗೆ ಹೋಗೋ ಜಾಗಕ್ಕೂ ಬಿಡ್ತಿರಲಿಲ್ಲ. ಯಾರೂ ನೋಡದ ಕಡೆ ಯಾಕಪ್ಪಾ ಅಂದ್ರೆ, ಹುಳು ನೋಡುತ್ತಲ್ಲ ಅಂತಿದ್ರು.”

“ಹಾಗಾದರೆ ಈ ಕೆಂಪು ನಿಮ್ಮಪ್ಪನದೋ, ಅಚ್ಚಿನದೋ?”

“ಅದೇ ಗೊತ್ತಾಗ್ತಿಲ್ಲ. ಅಡಿಯಲ್ಲಿ ಅಚ್ಚಿನ ಕೆಂಪು ಇದ್ದು, ಅದನ್ನ ನೋಡಿ ಅಪ್ಪ ಸರಿಯಾಗಿ ತುಂಬಿರಬಹುದು. ಇಲ್ಲಾ, ಅಡಿಯಲ್ಲೂ ನೀಲಿನೇ ಇದ್ದು, ಆವತ್ತು ಅವರ ಬಟ್ಟಲಲ್ಲಿ ಕೆಂಪು ಕಲಸಿದ್ದು ಮಿಕ್ಕಿತ್ತು ಅಂತ ಬಳಿದಿರಬಹುದು. ಅದನ್ನೂ ಮಾಡ್ತಿದ್ರು, ಸುಳ್ಳು ಯಾಕೆ ಹೇಳ್ಲಿ. ಒರೆಸಿ ನೋಡಿದ್ರೆ ಎರಡೂ ಒಟ್ಟಿಗೇ ಹೋಗುತ್ತೆ.”

“ನೀನು ಆವತ್ತು ನೋಡಿದ್ದು ಯಾವುದನ್ನ?”

“ಕೆಂಪನ್ನ ನೋಡಿದ್ದೆ. ಅಪ್ಪ ಬ್ರಷ್ ಹಿಡಿಯೋಕೆ ಮುಂಚೆ ನೋಡಿದ್ನೋ, ಆಮೇಲೆ ನೋಡಿದ್ನೋ, ಅದು ನೆನಪಿಲ್ಲ ಸಾರ್. ಹದಿಮೂರು ವರ್ಷದವಳು ನಾನು. ಕೆಂಪಿತ್ತು, ಕೆಂಪು ಅಂದೆ.”

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಮನೆಯಿಂದ ಹೊರಡುವಾಗ ನನ್ನ ಲೆಕ್ಕ ಸರಳವಾಗಿತ್ತು. ಕೆಂಪು ಕಂಡರೆ ಅವಳು ನಿಜ, ನಾನು ಸುಳ್ಳು. ಕಾಣದಿದ್ದರೆ ನಾನು ಉಳಿದೆ. ಈಗ ಕೆಂಪು ಕಂಡಿತ್ತು, ಆದರೂ ಏನೂ ಇತ್ಯರ್ಥವಾಗಿರಲಿಲ್ಲ. ವೈದ್ಯರ ಪ್ರತಿಯ ಕೆಂಪು ಮೂಲಚಿತ್ರದ್ದೋ ಅಚ್ಚು ಹಾಕಿದವರ ಇಚ್ಛೆಯದೋ, ಇದು ಒಂದು ಸೈನ್ಯವೋ ಎರಡೋ, ನಾನು ಇಪ್ಪತ್ತಾರು ವರ್ಷ ಹೇಳಿದ್ದು ಪಾಠವೋ ಕಟ್ಟುಕಥೆಯೋ, ಈ ಅಂಚು ಸಾಕ್ಷಿಯೋ ತೇಪೆಯೋ, ಯಾವುದಕ್ಕೂ ಉತ್ತರವಿರಲಿಲ್ಲ. ಚಿತ್ರವನ್ನು ಹತ್ತಿರ ಹಿಡಿದೆ, ದೂರ ಹಿಡಿದೆ. ಕೈ ಎತ್ತಿದ ಅಧಿಕಾರಿ ತನ್ನವರನ್ನು ತಡೆಯುತ್ತಿದ್ದಾನೋ ಶತ್ರುವಿನ ಮೇಲೆ ಛೂ ಬಿಡುತ್ತಿದ್ದಾನೋ ಎಂಬುದೂ ಮೊದಲ ಬಾರಿಗೆ ಸಂದೇಹವಾಯಿತು.

ಅವಳು ಮೊಳೆಯ ಡಬ್ಬಿಯನ್ನು ಮುಚ್ಚಿದಳು. ಎಂಟು ಮೊಳೆ. ಎಂಟು ಮೊಳೆ ಕೀಳಲು ಅವಳಿಗೆ ಐದು ನಿಮಿಷವೂ ಹಿಡಿದಿರಲಿಲ್ಲ. ನಮ್ಮ ಶಾಲೆಯ ಜವಾನನ ಬಳಿಯೂ ಇಕ್ಕಳವಿತ್ತು. ಆ ದಿನ ಹುಡುಗಿ ಬಾಗಿಲ ಹೊರಗೆ ನಿಂತಿದ್ದಾಗ ಅವನನ್ನು ಕರೆದು ‘ಬಿಚ್ಚು’ ಎನ್ನಬಹುದಿತ್ತು. ಬಿಚ್ಚಿದ್ದರೆ ಅವಳ ತಂದೆಯನ್ನು ಕರೆಸಿ ಕೇಳಬಹುದಿತ್ತು; ಆಗ ಅವರು ಬದುಕಿದ್ದರು, ಅವರಿಗೆ ಗೊತ್ತಿತ್ತು. ನಾನು ಬಿಚ್ಚಿಸಲಿಲ್ಲ, ಕರೆಸಲಿಲ್ಲ. ನೋಡುವ ಕೆಲಸ ಐದು ನಿಮಿಷದ್ದಾಗಿದ್ದರೂ ನೋಡದೆ, ಒಂದು ಮಗುವಿನ ಹೆಸರಿನ ಮುಂದೆ ಸುಳ್ಳುಗಾತಿ ಎಂದು ಬರೆದು, ಕೆಳಗೆ ರುಜು ಹಾಕಿದೆ. ಕೆಂಪಾಗಿದ್ದರೂ ಅದು ಅನ್ಯಾಯ, ನೀಲಿಯಾಗಿದ್ದರೂ ಅನ್ಯಾಯ. ಬೇರೊಬ್ಬ ಶಿಕ್ಷಕ ಹೀಗೆ ಮಾಡಿದ್ದರೆ ಅವನನ್ನು ಶಾಲೆಯ ಗೇಟಿನೊಳಗೆ ಬಿಡಬಾರದೆಂದು ನಾನೇ ಮೊದಲು ಕೂಗುತ್ತಿದ್ದೆ.

“ತಪ್ಪು ನನ್ನದಮ್ಮ,” ಎಂದೆ.

“ಯಾವ ತಪ್ಪು ಸಾರ್? ಕೆಂಪೋ ನೀಲಿಯೋ ಇನ್ನೂ ಗೊತ್ತೇ ಆಗಿಲ್ವಲ್ಲ.”

“ನೋಡದೆ ಬರೆದದ್ದು.”

ಅವಳು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು, ಅದರಲ್ಲಿ ನೋಡಲು ಏನೂ ಇಲ್ಲದಿದ್ದರೂ. “ನನಗೆ ಹೇಳಿ ಏನು ಬಂತು? ನಾನು ನೋಡಿದ್ದು ನನಗೆ ಗೊತ್ತೇ ಇತ್ತು. ಮೇಲೆ ಅಮ್ಮ ಇದ್ದಾರೆ. ಹೇಳೋದಿದ್ರೆ ಅವರಿಗೆ ಹೇಳಿ.”

“ಅವರಿಗೆ ಯಾಕೆ?”

“ಹಾಲು ಕೆಟ್ಟಿದೆ ಅಂತ ನಾನಂದ್ರೆ ಇವತ್ತಿಗೂ ಮೂಸಿ ನೋಡ್ತಾರೆ ಸಾರ್. ಚಿಕ್ಕಮ್ಮ ಫೋನ್ ಮಾಡಿದ್ರು ಅಂದ್ರೆ, ಹೌದೇನೇ ಅಂತ ವಾಪಸ್ ಚಿಕ್ಕಮ್ಮನಿಗೇ ಫೋನ್ ಮಾಡ್ತಾರೆ. ಡಾಕ್ಟ್ರು ದಿನಕ್ಕೆರಡು ಮಾತ್ರೆ ಅಂದಿದ್ದಾರೆ ಅಂತ ನಾನು ಹೇಳಿದ್ರೆ ಔಷಧಿ ಅಂಗಡಿಯವನನ್ನ ಕೇಳಿ ಬರ್ತಾರೆ. ಆವತ್ತು ಅಪ್ಪ ಬಾಯಿ ಬಿಡಲಿಲ್ಲ. ಸ್ಕೂಲಿನ ಕೆಲಸ ತಪ್ಪಿಹೋಗುತ್ತೆ ಅಂತ ಹೆದರಿದ್ರೋ, ತಾವು ಬಣ್ಣ ಬಳಿದದ್ದು ಗೊತ್ತಾಗುತ್ತೆ ಅಂತ ಹೆದರಿದ್ರೋ. ಅಮ್ಮನಿಗೆ ಉಳಿದದ್ದು ನಿಮ್ಮ ಪತ್ರ ಒಂದೇ. ಹೋಗಿ. ಮೆಟ್ಟಿಲು ಹುಷಾರು, ಮೂರನೇದು ಅಲ್ಲಾಡುತ್ತೆ.”

ಮರದ ಮೆಟ್ಟಿಲು ಹತ್ತಿ ಹೋದೆ. ಅವಳೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಸಣ್ಣ ಕೋಣೆ, ಕಿಟಕಿಯ ಬಳಿ ಮಂಚ. ಅವಳ ತಾಯಿ ನೆಲದ ಮೇಲೆ ಕಾಲು ಚಾಚಿ ಕುಳಿತು, ಗಾಜು ಸುತ್ತಿ ಕೊಡಲು ಹಳೆಯ ಪತ್ರಿಕೆಗಳನ್ನು ಒಂದೇ ಅಳತೆಗೆ ಮಡಿಸಿಡುತ್ತಿದ್ದರು.

“ಅಯ್ಯಯ್ಯೋ, ಮೇಷ್ಟ್ರು! ಕೂತ್ಕೊಳ್ಳಿ. ಇವಳೇನಾದ್ರೂ ಮಾಡಿದ್ಲಾ?”

“ಇಲ್ಲಮ್ಮ. ಮಾಡಿದವನು ನಾನು.”

ಕುರ್ಚಿಯ ತುದಿಯಲ್ಲಿ ಕುಳಿತು, ತರಗತಿಯಲ್ಲಿ ಹೇಳುವ ಹಾಗೆ ಮೊದಲಿನಿಂದ ಹೇಳಿದೆ: ಚಿತ್ರ, ಗಾಜು, ಪ್ರಶ್ನೆ, ಬಾಗಿಲು, ಪತ್ರ. ಅವರು ಪತ್ರಿಕೆ ಮಡಿಸುತ್ತಲೇ ಕೇಳಿದರು. ಮುಗಿಸಿದ ಮೇಲೆ ಮಗಳ ಕಡೆಗೆ ತಿರುಗಿದರು.

“ಸಾಕಾಯ್ತೇನೇ ನಿನಗೆ? ಮೇಷ್ಟ್ರನ್ನೂ ಬಿಡಲಿಲ್ವಲ್ಲ! ಅವರ ಬಾಯಲ್ಲೂ ಸುಳ್ಳು ಹೇಳಿಸ್ತಿದ್ದೀಯಾ?”

“ಅಮ್ಮಾ, ನನಗೆ ಯಾರೂ ಹೇಳಿಕೊಟ್ಟಿಲ್ಲ,” ಎಂದೆ.

“ನಿಮ್ಮದು ದೊಡ್ಡ ಮನಸ್ಸು, ಹಾಗಂತೀರಿ. ಹಳೇ ಶಿಷ್ಯೆ, ಅತ್ತಿರಬೇಕು, ನಿಮ್ಮ ಕರುಳು ಚುರುಕ್ ಅಂದಿರಬೇಕು. ನಿಮ್ಮ ಅಕ್ಷರ ನನಗೆ ಗೊತ್ತಿಲ್ವಾ? ಎಷ್ಟು ದುಂಡಗೆ, ಒಂದು ಕಾಟಿಲ್ಲ, ಒಂದು ತಿದ್ದಿಲ್ಲ. ಅಷ್ಟು ಚೆನ್ನಾಗಿ ಬರೆಯೋರು ನೋಡದೆ ಬರೀತಾರಾ?”

“ನೋಡದೆಯೇ ಬರೆದೆ.”

“ಹೋಗಲಿ ಬಿಡಿ. ಒಂದೇ ಮಾತು ಕೇಳ್ತೀನಿ.” ಅವರು ಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿದರು. “ಅಲ್ಲಿ ಕೆಂಪಿತ್ತಾ, ಇರಲಿಲ್ವಾ? ಇತ್ತು ಅನ್ನಿ, ಇವತ್ತೇ ಆ ಪತ್ರ ಹರಿದು ಒಲೆಗೆ ಹಾಕ್ತೀನಿ.”

‘ಇತ್ತು’ ಎಂಬ ಎರಡಕ್ಷರ ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಎಲ್ಲ ಸಲೀಸಾಗುತ್ತಿತ್ತು; ಯಾರಿಗೂ ನಷ್ಟವಿರಲಿಲ್ಲ. ಬಹುಶಃ ಅದು ನಿಜವೂ ಆಗಿತ್ತು. ಆದರೆ ಬಹುಶಃ ಎಂಬುದನ್ನು ಖಂಡಿತ ಎಂದು ಬರೆದೇ ಅಲ್ಲವೇ ನಾನು ಈ ಮನೆಯನ್ನು ಹಾಳು ಮಾಡಿದ್ದು? ಅದೇ ಕೆಲಸವನ್ನು ಈ ಬಾರಿ ಅವಳ ಪರವಾಗಿ ಮಾಡಿದರೆ ಅದು ಪ್ರಾಯಶ್ಚಿತ್ತವೋ ಎರಡನೆಯ ಅಪರಾಧವೋ? ಮಕ್ಕಳಿಗೆ ನೀತಿ ಹೇಳಿದ ಅಷ್ಟೂ ವರ್ಷಗಳಲ್ಲಿ ಇಂಥ ಒಂದು ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಮಗಳ ಕಡೆ ನೋಡಿದೆ. ಅವಳ ಮುಖದಲ್ಲಿ ನನಗೆ ಏನೂ ಸಿಗಲಿಲ್ಲ.

“ಗೊತ್ತಿಲ್ಲಮ್ಮ,” ಎಂದೆ. “ಈಗ ಬಿಚ್ಚಿ ನೋಡಿದೆವು. ಕೆಂಪಿದೆ. ಆದರೆ ಅದು ಮೊದಲಿನಿಂದ ಇದ್ದದ್ದೋ, ಇವಳ ತಂದೆ ತುಂಬಿದ್ದೋ, ನನಗೆ ಗೊತ್ತಿಲ್ಲ. ಆವತ್ತೂ ಗೊತ್ತಿರಲಿಲ್ಲ. ಗೊತ್ತಿದೆ ಅಂತ ಬರೆದೆ.”

ಮುದುಕಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಅವರ ಹಣೆಯ ಗೆರೆಗಳು ಒಂದರ ಮೇಲೊಂದು ಏರಿದವು. ಮೇಷ್ಟ್ರು ಸುಳ್ಳು ಹೇಳುವವರಲ್ಲ. ಮೇಷ್ಟ್ರಿಗೆ ಗೊತ್ತಿಲ್ಲದ್ದು ಇರುವುದಿಲ್ಲ. ಹಾಗಿದ್ದೂ ಮೇಷ್ಟ್ರು ಗೊತ್ತಿಲ್ಲ ಎನ್ನುತ್ತಿದ್ದಾರೆ. ಇದನ್ನು ಎತ್ತ ಹಾಕಿದರೂ ಅವರಿಗೆ ಹೊಂದುತ್ತಿರಲಿಲ್ಲ. ಕೊನೆಗೆ ದನಿ ತಗ್ಗಿಸಿ, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ಮಗಳನ್ನು ಕೇಳಿದರು.

“ಏನೇ, ಇವರಿಗೆ ಹುಷಾರಿಲ್ವಾ? ನಿಜ ಹೇಳು.”

“ಹುಷಾರಾಗೇ ಇದ್ದಾರಮ್ಮ.”

“ಮತ್ತೆ ಗೊತ್ತಿಲ್ಲ ಅಂತಾರಲ್ಲೇ?”

“ಗೊತ್ತಿಲ್ಲ, ಅದಕ್ಕೇ ಅಂತಾರೆ.”

ತಾಯಿ ನನ್ನನ್ನು ನೋಡಿ ಮಗಳನ್ನು ನೋಡಿದರು. ಮಗಳ ಮಾತು ಸರಿಯೇ ಎಂದು ಕೇಳಲು ಅವರಿಗೆ ಆ ಕೋಣೆಯಲ್ಲಿ ನನ್ನ ಹೊರತು ಬೇರೆ ಯಾರೂ ಇರಲಿಲ್ಲ, ನನ್ನನ್ನು ಕೇಳಿ ಪ್ರಯೋಜನವಿಲ್ಲವೆಂದು ಈಗಷ್ಟೇ ತಿಳಿದಿತ್ತು.

“ನೀನು ನೋಡಿದ್ದೆಯೇನೇ?”

“ನೋಡಿದ್ದೆ.”

“ಕೆಂಪನ್ನ?”

“ಹೂಂ.”

“ಎಷ್ಟು ಕೆಂಪು?”

ಅದು ಮೂವತ್ತೊಂದು ವರ್ಷ ಯಾರೂ ಕೇಳದ ಪ್ರಶ್ನೆ. ಮಗಳು ಬಂದು ತಾಯಿಯ ಎದುರು, ಪತ್ರಿಕೆಗಳ ನಡುವೆ, ನೆಲದ ಮೇಲೆಯೇ ಕುಳಿತಳು. ತೋರುಬೆರಳನ್ನು ತನ್ನ ತೋಳಿನ ಮೇಲೆ ಅಡ್ಡಲಾಗಿಟ್ಟು, ಇಲ್ಲಿಂದ ಇಲ್ಲಿಯ ತನಕ, ಎಂದು ಹೇಳತೊಡಗಿದಳು. ತಾಯಿ ತಲೆ ಆಡಿಸುತ್ತಿದ್ದರು. ಅದು ನಂಬಿಕೆಯೋ, ಬರಿಯ ವಯಸ್ಸಿನ ನಡುಕವೋ, ನನಗೆ ಗೊತ್ತಾಗಲಿಲ್ಲ. ನಾನು ಎದ್ದದ್ದನ್ನು ಇಬ್ಬರೂ ಗಮನಿಸಲಿಲ್ಲ.